ವೆರಿ ಪರ್ಮನಂಟ್ ಮುರುಗೆಪ್ಪ

ಮರಾಠಿ ಸೀಮೆಯ ಹಡಪಸರದ ಪಂಪ್ ಕಾರ್ಖಾನೆಯ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದ ಮುರುಗೆಪ್ಪನ ಇಂಗ್ಲಿಷಿಗೆ ಮಸಾಲೆ ಒಂದೇ. ಅದರ ಹೆಸರು 'ವೆರಿ'. ಅಥಣಿಯ ಟೈಪಿಂಗ್ ಕ್ಲಾಸಿನಲ್ಲಿ ಮಾಸ್ತರರು, "ಇಂಗ್ಲಿಷ್ ಸಪ್ಪಗ ಅನಿಸಿದ್ರ ಒಂದ್ ವೆರಿ ಒಗಿ" ಎಂದಿದ್ದರಂತೆ. ಅವತ್ತಿನಿಂದ ಇವನು ಒಗೆಯುತ್ತಲೇ ಇದ್ದ. 'ವೆರಿ ಗುಡ್' ಇದ್ದ ಹಾಗೆ 'ವೆರಿ ಎಕ್ಸಲೆಂಟ್', 'ವೆರಿ ಕಂಪ್ಲೀಟ್', 'ವೆರಿ ಖಾಲಿ'. ಕಾಕಾ ತೀರಿಕೊಂಡಾಗ ರಜೆ ಅರ್ಜಿಯಲ್ಲಿ 'ಮೈ ಅಂಕಲ್ ಈಸ್ ವೆರಿ ಡೆಡ್' ಎಂದು ಬರೆದ. ಮ್ಯಾನೇಜರ್ ಶಿರೋಳೆ ಸಾಹೇಬರು ಓದಿ, ಗಂಭೀರರಾಗಿ, ನಾಲ್ಕು ದಿನ ರಜೆ ಕೊಟ್ಟರು. ಮುಂದಿನ ತಿಂಗಳು ಪಕ್ಕದ ಟೇಬಲ್ಲಿನ ಕಾಂತಪ್ಪನ ಅಜ್ಜಿ ಸತ್ತಳು. ಅವನು ಅಮಾಯಕ, ಬರೇ 'ಡೆಡ್' ಎಂದು ಬರೆದ. ಎರಡೇ ದಿನ ಸಿಕ್ಕಿತು.

"ಸಾಹೇಬ್ರ, ನಮ್ಮಜ್ಜೀನೂ ಪೂರಾ ಸತ್ತಾಳ್ರಿ" ಎಂದು ಕಾಂತಪ್ಪ ಅತ್ತ.

"ಮಗ್ ಲಿಹಾಯಚಾ ಹೋತಾ ನಾ!" ಎಂದರು ಸಾಹೇಬರು. ಹಾಗಿದ್ದರೆ ಬರೆಯಬೇಕಿತ್ತಲ್ಲ!

ಇದರಲ್ಲಿ ನಗುವಂಥದ್ದೇನಿಲ್ಲ. ಸಿನಿಮಾದಲ್ಲಿ ನೋಡಿ, ವಿಲನ್‌ಗೆ ಆರು ಗುಂಡು ಬಿದ್ದರೂ ಕ್ಲೈಮ್ಯಾಕ್ಸಿನಲ್ಲಿ ಎದ್ದು ಬರುತ್ತಾನೆ. ಅವನು ಬರೇ ಡೆಡ್. ಏಳನೆಯ ಗುಂಡು ಬಿದ್ದು, ಮೇಲಿಂದ ತಗಡಿನ ಶೆಡ್ಡೂ ಬಿದ್ದು, ಅದಕ್ಕೆ ಬೆಂಕಿಯೂ ಹತ್ತಿದಾಗ ಆಗುವುದು ವೆರಿ ಡೆಡ್. ವ್ಯತ್ಯಾಸ ಇದೆ.

ಆದರೆ ಮುರುಗೆಪ್ಪನ ಬದುಕಿನಲ್ಲಿ ವೆರಿ ಹತ್ತದ ಶಬ್ದ ಒಂದಿತ್ತು. ಟೆಂಪರರಿ. ಹನ್ನೊಂದು ವರ್ಷದಿಂದ ಅವನು ಟೆಂಪರರಿ. ಏಳು ತಿಂಗಳು ಮುಗಿಯುತ್ತಲೇ ಕಂಪನಿ ಅವನಿಗೆ ಎಂಟು ದಿನ 'ಬ್ರೇಕ್' ಕೊಟ್ಟು ಮನೆಗೆ ಅಟ್ಟುತ್ತಿತ್ತು. ಒಂಬತ್ತನೆಯ ದಿನ ಈಗಷ್ಟೇ ಹುಟ್ಟಿದ ಮನುಷ್ಯನೆಂದು ಮತ್ತೆ ತೆಗೆದುಕೊಳ್ಳುತ್ತಿತ್ತು. ಎಂಟು ತಿಂಗಳು ಸತತ ಇಟ್ಟುಕೊಂಡರೆ ಪರ್ಮನಂಟ್ ಮಾಡಬೇಕಾದೀತೆಂಬ ಹೆದರಿಕೆ. ಹದಿನೇಳು ಸಲ ಹೀಗೆ ಹುಟ್ಟಿದ್ದ. ಆ ಎಂಟು ದಿನ ತಾವಿದ್ದ ಧನಕವಡಿಯ ವಾಡೆಯ ಹತ್ತಾರು ಸಂಸಾರಗಳಿಗೆ ಗೊತ್ತಾಗಬಾರದೆಂದು ಹೆಂಡತಿ ಗೌರಾಬಾಯಿ ಡಬ್ಬಿ ಕಟ್ಟಿಕೊಡುತ್ತಿದ್ದಳು. ಇವನು ಸ್ವಾರಗೇಟಿನ ಬಸ್ ಸ್ಟ್ಯಾಂಡಿನಲ್ಲಿ ಕೂತು, ಅಲ್ಲೇ ಉಂಡು, ಸಂಜೆ ದಣಿದವನಂತೆ ಬೆವರೊರೆಸುತ್ತ ಬರುತ್ತಿದ್ದ. ಆಸ್ಕರ್ ಕೊಡುವವರಿಗೆ ಧನಕವಡಿಯ ದಾರಿ ಗೊತ್ತಿರಲಿಲ್ಲ, ಅಷ್ಟೇ.

೧೯೯೯ರ ಮಾರ್ಚಿನಲ್ಲಿ ಶಿರೋಳೆ ಸಾಹೇಬರು ರಿಟೈರಾದರು. ಕೊನೆಯ ದಿನ, ಕೊರಳಲ್ಲಿ ಹಾರ ಹಾಕಿಕೊಂಡು ಕೂತಿದ್ದವರಿಗೆ ಒಮ್ಮೆಲೆ ಮನಸ್ಸು ಕರಗಿತು. ಮುರುಗೆಪ್ಪನನ್ನು ಕರೆದರು.

"ಮುರುಗೆಪ್ಪಾ, ಕಾಗದ ಲಾವ್. ಲಿಹೀ. ಆಜ್ ತುಲಾ ಏಕದಮ್ ಪರ್ಮನಂಟ್ ಕರೂನ್ ಟಾಕ್ತೋ!" ಇವತ್ತು ನಿನ್ನನ್ನು ಪೂರಾ ಪರ್ಮನಂಟ್ ಮಾಡಿಬಿಡುತ್ತೇನೆ!

ಮುರುಗೆಪ್ಪ ಮೆಶಿನ್ನಿಗೆ ಕಾಗದ ಏರಿಸಿದ. ಸಾಹೇಬರು ಮರಾಠಿಯಲ್ಲಿ ಹೇಳುವುದು, ಇವನು ಇಂಗ್ಲಿಷಿನಲ್ಲಿ ಕುಟ್ಟುವುದು, ಅವರು ಓದದೆ ಸಹಿ ಹಾಕುವುದು: ಹನ್ನೊಂದು ವರ್ಷದ ಪದ್ಧತಿ. ಪರ್ಮನಂಟ್ ಅಂದರೆ ಪರ್ಮನಂಟ್. 'ಏಕದಮ್'ಗೆ ಇಂಗ್ಲಿಷ್ ಏನು? ತಲೆ ಯೋಚಿಸುವುದರೊಳಗೆ ಬೆರಳು ಕುಟ್ಟಿ ಮುಗಿಸಿತ್ತು. 'ಯು ಆರ್ ಹಿಯರ್‌ಬೈ ಮೇಡ್ ವೆರಿ ಪರ್ಮನಂಟ್.' ಸಹಿ ಬಿತ್ತು. ಕಂಪನಿಯ ಗೋಲ್ ಶಿಕ್ಕಾ ಬಿತ್ತು. ಹಿನ್ನೆಲೆಯಲ್ಲಿ ಪಿಟೀಲು ಬಾರಿಸುವವರು ಯಾರೂ ಇರಲಿಲ್ಲ, ವರ್ಕ್‌ಶಾಪಿನಲ್ಲಿ ಗ್ರೈಂಡರ್ ಕಿರ್ ಎನ್ನುತ್ತಿತ್ತು.

ಮನೆಯಲ್ಲಿ ಗೌರಾಬಾಯಿ ಆ ಕಾಗದವನ್ನು ದೇವರ ಮುಂದಿಟ್ಟು, ಕುಂಕುಮ ಹಚ್ಚಿ, ಆಮೇಲೆ ಕೇಳಿದಳು.

"ಏನ್ ಬರದಾರ್ರಿ ಇದರಾಗ?"

"ವೆರಿ ಪರ್ಮನಂಟ್ ಅಂತ."

"ಅಂದ್ರ ಪರ್ಮನಂಟಕ್ಕಿಂತ ಮ್ಯಾಲಿಂದs?"

ಮುರುಗೆಪ್ಪ ಅಲ್ಲಿಯತನಕ ಹಾಗೆ ಯೋಚಿಸಿರಲಿಲ್ಲ. ಹೆಂಡತಿ ಕೇಳಿದ ಮೇಲೆ ಯೋಚಿಸದಿರುವುದು ಹೇಗೆ? "ಮತ್ತ? ಪರ್ಮನಂಟ್ ಇದ್ದವರ್ನ ವಯಸ್ಸಾದ ಮ್ಯಾಲೆ ಮನೀಗೆ ಕಳಸ್ತಾರ. ನನ್ನ ಕಳಸಾಕ ಬರಂಗಿಲ್ಲ."

"ಅಯ್ಯ, ಹಂಗಾರ ಸತ್ತ ಮ್ಯಾಲೂ ಡ್ಯೂಟಿಗೆ ಹೋಗಬೇಕೇನ್ರಿ?"

"ಅದನ್ನ ಕಂಪನಿ ನೋಡ್ಕೋತದ."

ಗೌರಾಬಾಯಿ ಮೆಟ್ಟಿಲ ಮೇಲೆ ನಿಂತು ಮಾತಾಡಿದ್ದು ಮೇಲಿನ ಮನೆಯ ಗೋದಾಬಾಯಿಗೆ ಮಾತ್ರ. ಆದರೆ ಗೌರಾಬಾಯಿಯ ಗುಟ್ಟು ಕಾತ್ರಜದ ಘಾಟಿನಲ್ಲಿ ಪ್ರತಿಧ್ವನಿಸುವ ಜಾತಿಯದು. ಗೋದಾಬಾಯಿಯ ಗಂಡ ಬಾಳಕೃಷ್ಣರಾಯರು ಸರಕಾರಿ ಕಚೇರಿಯಲ್ಲಿ ಗುಮಾಸ್ತರು. ಇಪ್ಪತ್ತೆರಡು ವರ್ಷದ ಸರ್ವಿಸು. ವಾಡೆಯಲ್ಲಿ ಪರ್ಮನಂಟ್ ಎಂದರೆ ಅವರೊಬ್ಬರೇ ಎಂದು ಕಾಲರ್ ಎತ್ತಿ ತಿರುಗಿದವರು. ಅಂದು ಅವರಿಗೆ ಚಹಾದ ಬದಲು ಇದು ಸಿಕ್ಕಿತು:

"ನೋಡ್ರಿ, ಕೆಳಗಿನ ಟೆಂಪರರಿ ಮುರುಗೆಪ್ಪ ವೆರಿ ಪರ್ಮನಂಟ್ ಆದ. ನೀವು ಇನ್ನೂ ಬರೇ ಪರ್ಮನಂಟು."

"ಗೋದಾ, ಪರ್ಮನಂಟಕ್ಕ ವೆರಿ ಇರೂದಿಲ್ಲs."

"ನಿಮಗ ಸಿಗಲಿಲ್ಲ ಅಂತ ಇರೂದs ಇಲ್ಲ ಅಂದ್ರ ಹ್ಯಾಂಗ? ಪ್ರಮೋಶನ್ನಿಗೂ ಹಿಂಗs ಅಂದಿದ್ರಿ. ಸ್ಕೂಟರಿಗೂ ಹಿಂಗs ಅಂದಿದ್ರಿ."

ಬಾಳಕೃಷ್ಣರಾಯರು ತಲೆ ಕೆಟ್ಟು ಕೆಳಗಿಳಿದು ಬಂದು, ಕಾಗದ ನೋಡಿ, ಕನ್ನಡಕ ತೆಗೆದು, ಮತ್ತೆ ಹಾಕಿ ನೋಡಿದರು. "ಇದಕ್ಕಿಂತ ಪರ್ಮನಂಟ್ ಬೇಕಂದ್ರ ಯೆರವಡಾದ ಜೇಲಿನ್ಯಾಗ ಕೊಡ್ತಾರ, ನೋಡಪಾ" ಎಂದು ಹೇಳಿ ಹೋದರು. ಆದರೆ ಹೆಂಡತಿಯ ಬಾಯಿ ಮುಚ್ಚಿಸಬೇಕಲ್ಲ. ಮರುದಿನ ತಮ್ಮ ಸಾಹೇಬರ ಮುಂದೆ ಅರ್ಜಿ ಇಟ್ಟರು: ತಮ್ಮನ್ನೂ ವೆರಿ ಮಾಡಬೇಕು. ಸಾಹೇಬರಿಗೆ ಇದು ಯಾವುದೋ ಹೊಸ ಸರ್ಕ್ಯುಲರ್ ಇರಬೇಕು, ತಾವು ನೋಡಿಲ್ಲ ಎಂದು ಗೊತ್ತಾದರೆ ಕಷ್ಟ ಎನಿಸಿತು. ಅವರು ಅರ್ಜಿಯನ್ನು 'ಅಭಿಪ್ರಾಯಕ್ಕಾಗಿ' ಮುಂಬೈಗೆ ಕಳಿಸಿದರು. ಅಲ್ಲಿನವರೂ ಅದೇ ಕಾರಣಕ್ಕೆ ಹೆದರಿ, ಎರಡು ತಿಂಗಳ ಮೇಲೆ ವಾಪಸ್ ಕೇಳಿದರು: 'ಅರ್ಜಿದಾರರಿಗೆ ಎಷ್ಟು ವೆರಿ ಬೇಕೆಂಬುದನ್ನು ಸ್ಪಷ್ಟಪಡಿಸಬೇಕು.'

ಇತ್ತ ಕಾರ್ಖಾನೆಯಲ್ಲಿ ಬೆಂಕಿ ಹತ್ತಿತ್ತು. ಹಚ್ಚಿದವನು ಲಾಲಪ್ಪ. ಲೇಥ್ ಮೆಶಿನ್ನಿನ ಮೇಲೆ ಹದಿನೆಂಟು ವರ್ಷ ನಿಂತವನು, ಯೂನಿಯನ್ನಿನ ಲೀಡರು, ಎದುರಿಗೆ ಒಬ್ಬನೇ ಇದ್ದರೂ ಮೈಕಿನ ಮುಂದೆ ನಿಂತಂತೆ ಮಾತಾಡುವ ಗಂಡು. ಊಟದ ಹೊತ್ತಿಗೆ ಗೇಟಿನ ಮುಂದೆ ಸ್ಟೂಲು ಹತ್ತಿದ.

"ಬಂಧುಗಳs! ಬೆಂಕಿಯಂಥಾ ಕಬ್ಬಣ ಕೊರದು ಕೊರದು ಕೈ ಸುಟ್ಕೊಂಡ ನಾವು ಬರೇ ಪರ್ಮನಂಟ್! ಫ್ಯಾನಿನ ಬುಡಕ ಕುಂತು ಟಪ್ ಟಪ್ ಅಂತ ಕುಟ್ಟೂ ಮುರುಗ್ಯಾ ವೆರಿ ಪರ್ಮನಂಟ್! ಇದು ಅನ್ಯಾಯ ಹೌದೋ ಅಲ್ಲೋ?"

"ಹೌದು!" ಎಂದರು ಕನ್ನಡದವರು. "ಅನ್ಯಾಯ ಆಹೇ!" ಎಂದರು ಮರಾಠಿಯವರು. ನೂರಾ ಎಂಬತ್ತು ಜನ ಒಂದೇ ದನಿಯಲ್ಲಿ ಕೂಗಿದರು: "ವೆರಿ ಪರ್ಮನಂಟ್ ಝಾಲೇಚ್ ಪಾಹಿಜೇ!" ಆಗಲೇಬೇಕು, ಆಗಲೇಬೇಕು. ಹಡಪಸರದ ರಸ್ತೆಯಲ್ಲಿ ಟ್ರಾಫಿಕ್ ನಿಂತಿತು. ಬಸ್ಸಿನಲ್ಲಿದ್ದವರಿಗೂ ತಮಗೇನೋ ತಪ್ಪಿಹೋಗುತ್ತಿದೆ ಎನಿಸಿತು.

ಮುರುಗೆಪ್ಪ ಹಿಂದಿನ ಬಾಗಿಲಿನಿಂದ ಓಡಲು ನೋಡಿದ. ಲಾಲಪ್ಪ ಕಾಲರ್ ಹಿಡಿದ.

"ಎಲ್ಲಿಗಿ ಹೊಂಟಿ, ವೆರಿ ಸಾಹೇಬ? ಕುಂಡ್ರು. ನಮ್ಮ ಡಿಮ್ಯಾಂಡು ಇಂಗ್ಲಿಷಿನ್ಯಾಗ ಕುಟ್ಟು."

"ನನ್ನ ವಿರುದ್ಧದ ಡಿಮ್ಯಾಂಡು ನಾನs ಕುಟ್ಟಲೇನೋ?"

"ಮತ್ತ್ಯಾರಿಗಿ ಬರ್ತೈತಿ ಆ ಇಂಗ್ಲಿಷು?"

ಮುರುಗೆಪ್ಪ ಕುಟ್ಟಿದ. 'ವೆರಿ ಅರ್ಜಂಟ್' ಎಂದು ಮೇಲೆ, 'ವೆರಿ ಯೂನಾನಿಮಸ್' ಎಂದು ಕೆಳಗೆ. ಸುಳ್ಳಲ್ಲ, ನೂರಾ ಎಂಬತ್ತೂ ಸಹಿ ಇದ್ದವು.

ಅಷ್ಟರಲ್ಲಿ ಕಂಪನಿ ಕೈ ಬದಲಾಗಿತ್ತು. ಹೊಸ ಮಾಲಕರ ಮುಖ ಯಾರೂ ನೋಡಿರಲಿಲ್ಲ. ಅವರು ಕಳಿಸಿದ ಪರ್ಸೊನೆಲ್ ಆಫೀಸರಳನ್ನು ನೋಡಿದರು. ನೀಲಿಮಾ ಮೇಡಮ್, ವಯಸ್ಸು ಇಪ್ಪತ್ತೇಳು, ಊರು ಬೆಂಗಳೂರು. ಅವಳು ಫೋನಿನಲ್ಲಿ "ಅಮ್ಮ, ಊಟ ಆಯ್ತಾ" ಎಂದದ್ದು ಕಿವಿಗೆ ಬಿದ್ದದ್ದೇ ಮುರುಗೆಪ್ಪನ ಎದೆ ತಂಪಾಯಿತು. ನಮ್ಮವಳು! ಸಿನಿಮಾದಲ್ಲಿ ಜಾತ್ರೆಯಲ್ಲಿ ಕಳೆದುಹೋದ ತಂಗಿ ಕೈಯ ಮಚ್ಚೆಯಿಂದ ಸಿಕ್ಕುವ ಹಾಗೆ.

ನೀಲಿಮಾ ಮೇಡಮ್ ಡಿಮ್ಯಾಂಡು ಓದಿ, ಮೇಜಿನ ಮೇಲೆ ತಲೆಯಿಟ್ಟು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಆಮೇಲೆ ನಗಿಸಲೆಂದೇ ಕಂಪನಿಯ ವಕೀಲರಿಗೆ ಫೋನ್ ಮಾಡಿ ಓದಿ ಹೇಳಿದಳು. ವಕೀಲರು ನಗಲಿಲ್ಲ. ಹದಿನೈದು ನಿಮಿಷ ಮಾತಾಡಿದರು. ಫೋನ್ ಇಟ್ಟ ಮೇಲೆ ಅವಳೂ ನಗಲಿಲ್ಲ.

"ಮುರುಗೆಪ್ಪ ಅವರೇ, ಲೀಡರ್‌ನ ಕರೀರಿ. ಡಿಮ್ಯಾಂಡ್ ಒಪ್ಪಿದೀವಿ ಅಂತ ಹೇಳಿ."

ಒಂದೇ ಷರತ್ತು. ಒಬ್ಬ ಮನುಷ್ಯನಿಗೆ ಎರಡು ಪತ್ರ ಇರುವಂತಿಲ್ಲ. ಹಳೆಯ ಪರ್ಮನಂಟ್ ಪತ್ರ ವಾಪಸ್ ಕೊಟ್ಟು, ಬಿಟ್ಟುಕೊಟ್ಟೆ ಎಂದು ಸಹಿ ಹಾಕಿ, ಹೊಸ ವೆರಿ ಪರ್ಮನಂಟ್ ಪತ್ರ ಒಯ್ಯಬೇಕು. ಲಾಲಪ್ಪ ಅಲ್ಲೇ ಮೀಸೆ ತಿರುವಿದ. "ಹಳೇ ಚಪ್ಪಲಿ ಬಿಟ್ಟು ಹೊಸಾ ಬೂಟು ಹಾಕ್ಕೋಳಾಕ ಯಾರರ ಒಲ್ಲೆ ಅಂತಾರೇನ್ರಿ, ಮೇಡಮ್ಮಾರs?"

ಈ ಸುದ್ದಿ ಮನೆಗೆ ಬಂದಾಗ ಬಾಳಕೃಷ್ಣರಾಯರು ಎರಡೆರಡು ಮೆಟ್ಟಿಲು ಹಾರಿ ಇಳಿದು ಬಂದರು. "ಮುರುಗೆಪ್ಪಾ, ಕೈ ಮುಗಿತೇನಿ, ಹಳೇ ಪತ್ರ ಬಿಡಬ್ಯಾಡ್ರಿ ಅಂತ ಹೇಳು ಅವರಿಗೆ. ಕಾಯಿದೆ ಪುಸ್ತಕದಾಗ ಪರ್ಮನಂಟ್ ಅದ, ಟೆಂಪರರಿ ಅದ. ವೆರಿ ಅನ್ನೂದು ಎಲ್ಲ್ಯೂ ಇಲ್ಲ!"

ಗೌರಾಬಾಯಿ ಅಡಿಗೆ ಮನೆಯಿಂದಲೇ ಹೇಳಿದಳು. "ನಿಮ್ಮ ಅರ್ಜಿ ಮುಂಬೈದಿಂದ ಬರ್ಲಿಲ್ಲೇನ್ರಿ, ರಾಯರs, ಇನ್ನೂ?"

ರಾಯರು ಒಂದೊಂದೇ ಮೆಟ್ಟಿಲು ಹತ್ತಿ ವಾಪಸ್ ಹೋದರು.

ಮುರುಗೆಪ್ಪ ಮೂರು ದಿನ ಕುಟ್ಟಿದ. ನೀಲಿಮಾ ಮೇಡಮ್ ಬೆನ್ನ ಹಿಂದೆ ನಿಂತು ಒಂದೊಂದನ್ನೂ ತಪಾಸು ಮಾಡಿದಳು. "ಎಲ್ಲದರಲ್ಲೂ ವೆರಿ ಇರಲಿ. ಒಂದೂ ಮಿಸ್ ಆಗ್ಬಾರ್ದು." ಯಾರೂ ಅವನ ಇಂಗ್ಲಿಷನ್ನು ಇಷ್ಟು ಅಕ್ಕರೆಯಿಂದ ನೋಡಿರಲಿಲ್ಲ. ಕೊನೆಯ ದಿನ ಗೇಟಿನಲ್ಲಿ ಗುಲಾಲು ಹಾರಿತು, ಢೋಲು ಬಡಿಯಿತು, ನೂರಾ ಎಂಬತ್ತು ಜನ ಒಬ್ಬರನ್ನೊಬ್ಬರು "ಕಾಯ್ ವೆರಿ?" "ಹೋ ವೆರಿ!" ಎಂದು ಅಪ್ಪಿಕೊಂಡರು. ಹಳೆಯ ಪತ್ರಗಳ ಗಂಟನ್ನು ಮೇಡಮ್ಮಳ ಗಾಡಿಯ ಡಿಕ್ಕಿಯಲ್ಲಿ ಇಟ್ಟವನು ಲಾಲಪ್ಪನೇ.

ಮೂರು ತಿಂಗಳು ಹೀಗೇ ನಡೆಯಿತು. ನಾಲ್ಕನೆಯ ತಿಂಗಳ ಒಂದನೇ ತಾರೀಖು ಕೆಲಸಕ್ಕೆ ಬಂದವರಿಗೆ ಗೇಟು ತೆರೆಯಲಿಲ್ಲ. ಗೇಟಿನ ಕಿಂಡಿಬಾಗಿಲಿನಿಂದ ಒಬ್ಬ ಮುರುಗೆಪ್ಪನನ್ನು ಮಾತ್ರ ಒಳಗೆ ಬಿಟ್ಟರು. ಹೊರಗಿದ್ದವರು ಅಂದುಕೊಂಡರು: ಅಂವ ಮೊದಲನೇ ವೆರಿ, ಸೀನಿಯರ್.

ಒಳಗೆ ನೀಲಿಮಾ ಮೇಡಮ್ ಒಂದು ಯಾದಿ ಕೊಟ್ಟಳು. ನೂರಾ ಎಂಬತ್ತೊಂದು ಹೆಸರು.

"ಕಂಪನಿ ಬೇರೆ ರಾಜ್ಯಕ್ಕೆ ಶಿಫ್ಟ್ ಆಗ್ತಿದೆ. ಇವರಿಗೆಲ್ಲ ಟರ್ಮಿನೇಷನ್ ಲೆಟರ್ ರೆಡಿ ಮಾಡಿ."

"ಮೇಡಮ್ಮಾರs, ಇವರೆಲ್ಲಾ ವೆರಿ ಪರ್ಮನಂಟ್ರಿ!"

"ಅದಕ್ಕೇ ಈಸಿ ಆಯ್ತು. ಪರ್ಮನೆಂಟ್ ಇದ್ದವರನ್ನ ತೆಗೆಯೋಕೆ ಸರ್ಕಾರದ ಪರ್ಮಿಷನ್ ಬೇಕು, ಪರಿಹಾರ ಬೇಕು. ನಮ್ಮ ರಿಜಿಸ್ಟರ್‌ನಲ್ಲಿ ಪರ್ಮನೆಂಟ್ ಒಬ್ಬರೂ ಇಲ್ಲ. ಎಲ್ಲರೂ ಬಿಟ್ಟುಕೊಟ್ಟಿದಾರೆ, ಸಹಿ ಇದೆ. ವೆರಿ ಪರ್ಮನೆಂಟ್‌ಗೆ ರೂಲೇ ಇಲ್ಲ."

ಮುರುಗೆಪ್ಪ ಯಾದಿ ಹಿಡಿದು ಮೆಶಿನ್ನಿನ ಮುಂದೆ ಕೂತ, ತಲೆ ನಿಂತುಹೋಗಿತ್ತು. ಬೆರಳಿಗೆ ಮಾತ್ರ ಏನೂ ಆಗಿರಲಿಲ್ಲ, ಅವು ತಮ್ಮಷ್ಟಕ್ಕೆ ಕುಟ್ಟತೊಡಗಿದವು. ಮೊದಲ ಪತ್ರ ಎಳೆದು ನೋಡಿ ಮೇಡಮ್ ಪೆನ್ಸಿಲಿನಿಂದ ಒಂದು ಗೆರೆ ಹೊಡೆದಳು.

"'ವೆರಿ ಟರ್ಮಿನೇಟೆಡ್' ಅಂತ ಬರೀಬಾರ್ದು. ಪರ್ಮನೆಂಟ್, ಟರ್ಮಿನೇಟೆಡ್, ಇವೆಲ್ಲ ಪೂರ್ತಿ ಪದಗಳು. ಲೈಟಿನ ಸ್ವಿಚ್ ಇದ್ದ ಹಾಗೆ. ಆನ್ ಅಥವಾ ಆಫ್. ಫ್ಯಾನಿನ ರೆಗ್ಯುಲೇಟರ್ ಥರ ಜಾಸ್ತಿ ಕಡಿಮೆ ಮಾಡೋಕಾಗಲ್ಲ."

"ಇದನ್ನ ಅವತ್ತs ಹೇಳಿದ್ರ..."

"ಅವತ್ತು ನೀವು ಕೇಳ್ಲಿಲ್ಲ." ಅವಳು ಕಿಟಕಿಯ ಕಡೆ ನೋಡಿದಳು. "ನಂದೂ ಕಾಂಟ್ರಾಕ್ಟೇ. ಈ ಕೆಲಸ ಮುಗಿಯೋವರೆಗೆ."

"ಅಲ್ರಿ, ವೆರಿ ಬದಲಿ ಬ್ಯಾರೆ ಏನರ ಹಾಕಿದ್ರ? ಏಕದಮ್‌ಗೆ ಸರಿಯಾದ ಇಂಗ್ಲಿಷು?"

"ಅಬ್ಸಲ್ಯೂಟ್ಲಿ ಅಂತ ಹಾಕಿದ್ರೆ ಗ್ರಾಮರ್ ಸರಿ ಆಗ್ತಿತ್ತು."

"ನೌಕರಿ?"

"ಗ್ರಾಮರ್ ಸರಿ ಆಗ್ತಿತ್ತು."

ನೂರಾ ಎಂಬತ್ತು ಪತ್ರ. ಒಂದರಲ್ಲೂ ವೆರಿ ಇಲ್ಲ. ನೂರಾ ಎಂಬತ್ತೊಂದನೆಯದು ಅವನದೇ. ಅದನ್ನೂ ತಪ್ಪಿಲ್ಲದೆ ಕುಟ್ಟಿದ. ಮೇಡಮ್ ಗಂಟು ಕಟ್ಟಿ ಅವನ ಕೈಗಿಟ್ಟು, "ನೀವೇ ಹಂಚಿಬಿಡಿ. ನಿಮ್ಮ ಮಾತು ಕೇಳ್ತಾರೆ" ಎಂದಳು. ಕಿಂಡಿ ತೆರೆಯಿತು, ಮುಚ್ಚಿತು.

ಹೊರಗೆ ನೂರಾ ಎಂಬತ್ತು ಜೋಡಿ ಕಣ್ಣು. ಮುರುಗೆಪ್ಪ ತನ್ನ ಹಲ್ಲಿನ ಲೆಕ್ಕ ಮನಸ್ಸಿನಲ್ಲೇ ಹಾಕಿಕೊಂಡ. ಸಂಜೆಗೆ ಎಷ್ಟು ಉಳಿಯುತ್ತವೋ. ಲಾಲಪ್ಪ ಮೊದಲ ಪತ್ರ ಕಸಿದ. ಅಕ್ಷರ ಅಕ್ಷರ ಕೂಡಿಸಿ, ಬೆರಳಿಟ್ಟು ಓದಿದ.

"ಟ...ರ್ಮಿ...ನೇಟೆಡ್." ಅವನ ಮುಖ ಬೂದಿಯಾಯಿತು. "ಮುರುಗ್ಯಾ, ನಮ್ಮನ್ನ ತಗದ್ರೇನೋ?"

ಮುರುಗೆಪ್ಪ ತಲೆ ತಗ್ಗಿಸಿ ಉಳಿದ ಪತ್ರಗಳನ್ನು ಹಂಚತೊಡಗಿದ.

ಲಾಲಪ್ಪ ಮತ್ತೊಮ್ಮೆ ಕಾಗದ ನೋಡಿದ. ಹಿಂದೆ ತಿರುಗಿಸಿ ನೋಡಿದ. ಬೆಳಕಿಗೆ ಹಿಡಿದು ನೋಡಿದ. ಪಕ್ಕದವನ ಕಾಗದ ಕಸಿದು ನೋಡಿದ, ಅದರ ಪಕ್ಕದವನದೂ ನೋಡಿದ. ಬೂದಿಯಾದ ಮುಖದಲ್ಲಿ ನಿಧಾನಕ್ಕೆ ಕೆಂಡ ಹೊತ್ತಿತು.

"ತಡೀರಿ! ತಡೀರಿ! ಇದರಾಗ ವೆರಿ ಎಲ್ಲೈತಿ?"

"ವೆರಿ ಕುಠೇ ಆಹೇ?" ಎಂದರು ಹಿಂದಿನವರು.

"ವೆರಿ ಇಲ್ಲ! ಯಾರ ಕಾಗದದಾಗೂ ಇಲ್ಲ! ಬರೇ ಟರ್ಮಿನೇಟ್! ನಾವು ಯಾರು?"

"ವೆರಿ ಪರ್ಮನಂಟ್!"

"ವೆರಿ ಪರ್ಮನಂಟ್ ಇದ್ದವರ್ನ ಬರೇ ಟರ್ಮಿನೇಟ್ ಮಾಡಿದ್ರ ಏನಾಗ್ತೈತಿ?"

"ಕಾಹೀ ಹೋತ್ ನಾಹೀ!"

"ಏನೂ ಆಗೂದಿಲ್ಲ!"

"ಅಲ್ಲೋ ಲಾಲಪ್ಪಾ," ಎಂದ ಮುರುಗೆಪ್ಪ, "ಹಂಗಲ್ಲೋ ಅದು. ಅದು ಪೂರ್ತಿ ಶಬ್ದ. ಅದಕ್ಕ ವೆರಿ ಹತ್ತಂಗಿಲ್ಲ. ಸ್ವಿಚ್ಚಿದ್ದಂಗ..."

ಲಾಲಪ್ಪನ ಕಣ್ಣಲ್ಲಿ ನೀರು ಬಂತು. "ಗೊತ್ತಾತು ಬಿಡೋ. ಅವರು ಕುಟ್ಟು ಅಂದ್ರು, ನೀ ವೆರಿ ನುಂಗಿಬಿಟ್ಟಿ. ನಮ್ಮನ್ನ ಉಳಸಾಕ ನೌಕರಿ ಪಣಕ್ಕಿಟ್ಟಿ. ನಿನ್ನಂಥಾವನ್ನ ಸ್ಟೂಲು ಹತ್ತಿ ಬೈದ್ನಲ್ಲೋ, ತಮ್ಮಾ!"

"ನಾ ನುಂಗಿಲ್ಲೋ, ಆ ಮೇಡಮ್ಮ..."

"ಅಂಜಬ್ಯಾಡ, ಯಾರಿಗೂ ಹೇಳೂದಿಲ್ಲ!" ಎಂದು ಲಾಲಪ್ಪ ಹಡಪಸರಕ್ಕೆಲ್ಲ ಕೇಳುವಂತೆ ಕೂಗಿದ.

ಎರಡು ಕೈ, ನಾಲ್ಕು ಕೈ, ಇಪ್ಪತ್ತು ಕೈ ಮುರುಗೆಪ್ಪನ ತೊಡೆಗೆ ಬಿದ್ದವು. ಅವನು ನೆಲ ಬಿಟ್ಟ. ಯಾರೋ ಎಲ್ಲಿಂದಲೋ ಢೋಲು ತಂದರು. ಹೆಗಲ ಮೇಲೆ ಹೆಗಲು ದಾಟಿ ಅವನು ಕಾರ್ಖಾನೆಯ ಕಂಪೌಂಡಿನ ಗೋಡೆಯ ತನಕ ತೇಲಿಬಂದ. ಆಳೆತ್ತರಕ್ಕಿಂತ ಒಂದು ಮೊಳ ಹೆಚ್ಚಿನ ಗೋಡೆ; ನೆಲದ ಮೇಲೆ ನಿಂತವರಿಗೆ ಆಚೆ ಕಾಣುವುದಿಲ್ಲ. ಹೆಗಲ ಮೇಲಿದ್ದವನಿಗೆ ಕಂಡಿತು.

"ಒಳಗ ಏನ್ ಕಾಣ್ತೈತಿ, ಮುರುಗೆಪ್ಪಾ?" ಎಂದು ಕೆಳಗಿನಿಂದ ಲಾಲಪ್ಪ ಕೇಳಿದ.

"ಲಾರಿ ನಿಂತಾವ."

"ಎಷ್ಟು?"

"ಆರು. ತುಂಬಾಕತ್ತಾರ."

"ಕೇಳಿದ್ರೇನ್ರಲೇ? ಲಾರಿ ತುಂಬಾಕತ್ತಾರಂತ! ಮಾಲು ಹೊಂಟೈತಿ! ಕಾರ್ಖಾನಿ ಚಾಲೂ ಐತಿ!"

ಢೋಲು ಜೋರಾಯಿತು.

"ಮಾಲಲ್ಲೋ, ಲಾಲಪ್ಪಾ!" ಮುರುಗೆಪ್ಪ ಗಂಟಲು ಹರಿಯುವಂತೆ ಕೂಗಿದ. "ನಿನ್ನ ಲೇಥೋ! ನಿನ್ನ ಲೇಥ್ ಎತ್ತಾಕತ್ತಾರೋ!"

"ಏನಂದಿ? ಕೇಳವಲ್ದು! ಏ, ಅವನ್ನ ಇನ್ನಷ್ಟು ಮ್ಯಾಲೆತ್ರಿ!"

ಅವನನ್ನು ಇನ್ನೊಂದು ಗೇಣು ಮೇಲೆತ್ತಿದರು. ಮುರುಗೆಪ್ಪನಿಗೆ ಈಗ ಮೊದಲಿಗಿಂತ ಚೆನ್ನಾಗಿ ಕಾಣುತ್ತಿತ್ತು.